ಕಾಪುವಿನಿಂದ ಉಚ್ಚಿಲಕ್ಕೆ, ಎಲ್ಲೂ ನಿಲ್ಲದೆ

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಲ್ಲಿ ಮಂಗಳೂರು ಕಡೆಗೆ ಹೊರಟಿದ್ದ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿತು. ಕಾಪುವಿಗೆ ಒಂದೂವರೆ ರೂಪಾಯಿ ಟಿಕೇಟು, ಅರ್ಧ ಗಂಟೆಯ ದಾರಿ. ಮಳೆಗಾಲ ಮುಗಿಯುತ್ತ ಬಂದಿತ್ತು. ಉದ್ಯಾವರದ ಸೇತುವೆ ದಾಟುವಾಗ ಹೊಳೆಯ ನೀರು ಇನ್ನೂ ಕೆಂಪಾಗಿತ್ತು, ಆದರೆ ಮೇಲಿನ ಬಿಸಿಲು ಆಗಲೇ ಚುರುಕಾಗಿತ್ತು. ಚೀಲದಲ್ಲಿ ಒಂದು ಕೊಡೆ, ಒಂದು ಬಾಟಲಿ ನೀರು, ಹೆಂಡತಿ ಕಟ್ಟಿಕೊಟ್ಟ ಒಗ್ಗರಣೆ ಅವಲಕ್ಕಿ. ಹೊರಡುವಾಗ ಅವಳು ಹೇಳಿದ್ದು ಒಂದೇ ಮಾತು: "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳಿ ಬನ್ನಿ. ಅದರಲ್ಲೇನುಂಟು?" ಅದು ಸುಲಭವೆಂದೇ ನಾನೂ ಎಣಿಸಿದ್ದೆ. ಆದರೂ ಕಟಪಾಡಿ ದಾಟುವ ಹೊತ್ತಿಗೆ ಅಲ್ಲಿ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದ್ದೆ.

ನಾನು ಆಗ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದೆ. ಮಣಿಪಾಲದಲ್ಲಿ ಬಾಡಿಗೆ ಮನೆ, ಹುಟ್ಟೂರು ಕಾರ್ಕಳ. ಎಂಬತ್ತರ ದಶಕದ ಆರಂಭದ ಮಾತು ಇದು. ಅದಕ್ಕೂ ಹತ್ತು ಹದಿನೈದು ವರ್ಷ ಹಿಂದೆ, ಎಂ.ಎ. ಓದುವಾಗ, ಕಾಪುವಿನಿಂದ ಉಚ್ಚಿಲದವರೆಗಿನ ಕಡಲಕರೆಯಲ್ಲಿರುವ ಹಳೆಯ ಕಾವಲು ಬುರುಜುಗಳ ಮೇಲೆ ಒಂದು ಪ್ರಬಂಧ ಬರೆದಿದ್ದೆ. ಆಗ ಮೂರು ಬುರುಜುಗಳಿದ್ದವು. ಒಂದು ದೀಪಸ್ತಂಭದ ಹತ್ತಿರ, ಒಂದು ಉಚ್ಚಿಲದ ಕಡೆ, ಒಂದು ನಡುವೆ. ಟೊಪ್ಪಿ ಹಾಕಿಕೊಂಡು, ಟೇಪು ಹಿಡಿದು ಅವುಗಳ ಎತ್ತರವನ್ನೂ ಸುತ್ತಳತೆಯನ್ನೂ ಅಳೆದಿದ್ದೆ. ಒಂದರಿಂದ ಇನ್ನೊಂದಕ್ಕೆ ಎಷ್ಟು ದೂರ ಎಂದು ಅಳೆಯಲಿಲ್ಲ. ಬುರುಜು ಜಾಗ ಬದಲಿಸುತ್ತದೆ ಎಂದು ಯಾರು ಎಣಿಸುತ್ತಾರೆ?

ನಡುವಿನ ಬುರುಜು ಈಗ ಇಲ್ಲ. ಕಡಲ್ಕೊರೆತ ಜೋರಾದ ಒಂದು ವರ್ಷ ಯಾರೋ ಗುತ್ತಿಗೆದಾರರು ಅದನ್ನು ಕೆಡವಿ, ಅದರ ಕೆಂಪು ಮುರಕಲ್ಲುಗಳನ್ನು ಒಂದು ಕಡೆ ಪೇರಿಸಿ, ಬೇಕಾದಷ್ಟನ್ನು ತಡೆಗೋಡೆಗೆ ಸಾಗಿಸಿದರು. ಉಳಿದದ್ದು ಎರಡು ಕಲ್ಲುಗುಡ್ಡೆ. ಒಂದು ಬುರುಜಿನ ಬುಡ, ಇನ್ನೊಂದು ಕಲ್ಲು ಪೇರಿಸಿದ ಜಾಗ. ಯಾವುದು ಯಾವುದು ಎಂಬುದೇ ಜಗಳ.

ಜಗಳ ಕಲ್ಲಿನದ್ದಲ್ಲ, ಮೀನಿನದ್ದು. ಅಲ್ಲಿನ ಎರಡು ಮೊಗವೀರ ಕೇರಿಗಳಿಗೆ ಒಂದೊಂದು ರಂಪಣಿ ಬಲೆ. ಹತ್ತಾರು ಜನ ಕರೆಯಲ್ಲಿ, ಅಂದರೆ ದಡದಲ್ಲಿ, ನಿಂತು ಎರಡೂ ತುದಿ ಹಿಡಿದು ಎಳೆಯುವ ದೊಡ್ಡ ಬಲೆ ಅದು. ಬುರುಜಿನಿಂದ ಬಡಗಕ್ಕೆ ಒಂದು ಕೇರಿಯ ಬಲೆ, ತೆಂಕಕ್ಕೆ ಇನ್ನೊಂದರದ್ದು. ಅಜ್ಜಂದಿರ ಕಾಲದಿಂದ ಹಾಗೆ. ಆ ಎರಡು ಗುಡ್ಡೆಗಳ ನಡುವಿನ ಮರಳು ಮಾತ್ರ ಬಂಡೆ ಇಲ್ಲದ ಹಸನಾದ ಕರೆ. ಬಂಗುಡೆ ಮೀನು ಬಂದರೆ ಅಲ್ಲಿಗೇ. ದೊಡ್ಡ ಬಲೆಯ ಯಂತ್ರದ ಪರ್ಸೀನ್ ಬೋಟಿನವರು ಹೊರಗಡಲಲ್ಲೇ ಮೀನು ಬಾಚಲು ಶುರು ಮಾಡಿದ ಮೇಲೆ ಕರೆಗೆ ಬರುವುದೇ ಕಡಿಮೆಯಾಗಿ, ಆ ತುಂಡು ಮರಳಿಗೆ ಇನ್ನಷ್ಟು ಬೆಲೆ ಬಂದಿತ್ತು. ಹಿಂದಿನ ವರ್ಷ ಅಲ್ಲಿ ಹುಟ್ಟುಗಳಿಂದ ಹೊಡೆದಾಡಿ ತಲೆ ಒಡೆದುಕೊಂಡಿದ್ದರು.

ಮೊದಲು ನನ್ನ ಮನೆಗೆ ಬಂದವರು ಬಡಗಿನ ಕೇರಿಯ ಯಜಮಾನ, ಗುರಿಕಾರ ವಾಸಣ್ಣ. ಎತ್ತರದ ಆಳು. ಕುರ್ಚಿಯ ತುದಿಯಲ್ಲಿ ಕುಳಿತು ಹೇಳಿದರು: "ನೀವು ಟೊಪ್ಪಿ ಹಾಕಿಕೊಂಡು ಬಂದದ್ದು ನಮಗೆಲ್ಲ ನೆನಪುಂಟು ಮಾಸ್ಟ್ರೇ. ಸರ್ಕಾರದವರು ಜಾಗ ಅಳೀಲಿಕ್ಕೆ ಬಂದದ್ದು ಅಂತ ನಮ್ಮ ಹೆಂಗಸರು ಒಲೆ ಆರಿಸಿ ಕೂತಿದ್ರು. ನೀವು ನಡುವಿನ ಬುರುಜಿನ ಮೆಟ್ಟಿಲಲ್ಲಿ ಕೂತು ಊಟ ಮಾಡಿದ್ದೀರಿ. ಆ ಮೆಟ್ಟಿಲು ಈಗಲೂ ಉಂಟು, ತೆಂಕು ಬದಿಯ ಗುಡ್ಡೆಯಲ್ಲಿ."

ಮರುವಾರ ಬಂದವರು ತೆಂಕಿನ ಗುರಿಕಾರ ಸಂಜೀವಣ್ಣ. ಗಿಡ್ಡ, ನಗುಮುಖ. "ಊಟ ಮಾಡಿದ್ದಾ? ಇಲ್ಲಪ್ಪ. ತಾಳೆಮರದ ಬುಡದಲ್ಲಿ ಮಲಗಿದ್ದಿರಿ, ಮುಖದ ಮೇಲೆ ಟೊಪ್ಪಿ ಇಟ್ಟುಕೊಂಡು. ತಾಳೆಮರ ಬಡಗು ಗುಡ್ಡೆಯ ಹತ್ರ ಉಂಟಲ್ಲ, ಅದೇ."

ಗಡಿ ತೋರಿಸಲು ನನ್ನನ್ನೇ ಯಾಕೆ ಕರೆಯುತ್ತೀರಿ ಎಂದು ಕೇಳಿದೆ. ಸಂಜೀವಣ್ಣ ನಕ್ಕರು. "ನೀವು ಕಾರ್ಕಳದ ಜೈನರು, ಮೀನು ತಿನ್ನುವವರಲ್ಲ. ಬಂಗುಡೆ ಯಾರ ಬಲೆಗೆ ಬಿದ್ರೂ ನಿಮಗೆ ಎಂತ? ನಿಮ್ಮಂಥವರು ಈ ಕರೆಯಲ್ಲಿ ಎಲ್ಲಿ ಸಿಗ್ತಾರೆ?"

ಅವರಿಬ್ಬರೂ ಹೋದ ಮೇಲೆ ನನ್ನ ತಲೆಯಲ್ಲಿ ಎರಡು ಚಿತ್ರಗಳು ಉಳಿದವು. ಮೆಟ್ಟಿಲಲ್ಲಿ ಕೂತು ಉಣ್ಣುವ ನಾನು. ತಾಳೆಮರದ ಕೆಳಗೆ ಮಲಗಿದ ನಾನು. ಎರಡೂ ಸ್ಪಷ್ಟ. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ವರ್ಷವರ್ಷವೂ ಹುಡುಗರಿಗೆ ಹೇಳುವವನು ನಾನು. ಈಗ ಆ ಒಬ್ಬನೇ ಸಾಕ್ಷಿ ನಾನೇ ಆಗಿದ್ದೆ.

ಕಾಪು ಪೇಟೆಯಲ್ಲಿ ಇಳಿದು ಕಡಲಿನ ಕಡೆ ನಡೆದೆ. ದಾರಿಯಲ್ಲಿ ಇಬ್ರಾಯಿ ಬ್ಯಾರಿಯವರ ಚಹಾದಂಗಡಿ. ನಾನು ಯಾರೆಂದು ಹೇಳುವ ಮೊದಲೇ ಅವರಿಗೆ ಗೊತ್ತಿತ್ತು.

"ಗಡಿ ತೋರಿಸ್ಲಿಕ್ಕೆ ಬಂದ ಮಾಸ್ಟ್ರು ನೀವಲ್ವಾ? ಕೂತ್ಕೊಳ್ಳಿ. ನನ್ನ ಚಾ ಕುಡಿಬಹುದು, ನನಗೆ ಬಲೆ ಇಲ್ಲ. ಅಲ್ಲಿ ಯಾರ ಕೈಯಿಂದಲೂ ಒಂದು ಸೀಯಾಳ ಸಹ ಮುಟ್ಬೇಡಿ."

"ಮುಟ್ಟಿದರೆ?"

"ಮುಟ್ಟಿದ್ರೆ ಇನ್ನೊಂದು ಕೇರಿಯವರು ನಿಮ್ಮನ್ನು ವಾಪಸ್ ಬಸ್ಸಿಗೆ ಹಾಕ್ತಾರೆ. ಬಸ್ಸಿಗೆ ಹಾಕಿದ್ರೆ ಪುಣ್ಯ." ಗಿರಾಕಿಗಳು ನಕ್ಕರು. ನಾನೂ ನಕ್ಕೆ. ಆದರೆ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ದೀಪಸ್ತಂಭ ನಿಂತ ಬಂಡೆಯ ತೆಂಕಕ್ಕೆ, ಕೇದಗೆಯ ಪೊದೆಗಳ ಹಿಂದೆ, ಮೊದಲನೆಯ ಬುರುಜು ಇದೆ. ದುಂಡನೆಯ ಕಟ್ಟಡ, ಅರ್ಧ ಕುಸಿದಿದೆ. ಮುರಕಲ್ಲಿನ ಮೇಲೆ ಪಾಚಿ ಹಸುರಾಗಿ ಹಬ್ಬಿತ್ತು. ಇದನ್ನು ಕೆಳದಿಯ ಅರಸರು ಕಟ್ಟಿಸಿದರು ಎನ್ನುವವರಿದ್ದಾರೆ, ಟಿಪ್ಪು ಎನ್ನುವವರೂ ಇದ್ದಾರೆ. ಯಾರ ಮಾತಿಗೂ ನನಗೆ ಆಧಾರ ಸಿಕ್ಕಿರಲಿಲ್ಲ. ಗೋಡೆಯ ಕಿಂಡಿಯೊಂದರಿಂದ ನೋಡಿದರೆ ಕಡಲು ಒಂದು ಬೊಗಸೆಯಷ್ಟು ಕಾಣುತ್ತದೆ. ಆ ಕಿಂಡಿ ನನಗೆ ನೆನಪಿತ್ತು. ಅದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಅಷ್ಟಕ್ಕೇ ಎದೆ ಸ್ವಲ್ಪ ಹಗುರಾಯಿತು.

ಹೊರಗೆ ಬಂದಾಗ ಜನ ಸೇರಿದ್ದರು. ಬಡಗಿನವರು ಒಂದು ಬದಿ, ತೆಂಕಿನವರು ಇನ್ನೊಂದು ಬದಿ. ವಾಸಣ್ಣನ ಕೈಯಲ್ಲಿ ಉದ್ದದ ಒಂದು ಗಾಳಿಮರದ ಕೋಲು, ತುದಿಗೆ ಕೆಂಪು ಬಟ್ಟೆ. ನಾನು ಮೊದಲೇ ತಯಾರು ಮಾಡಿಕೊಂಡಿದ್ದ ಮಾತನ್ನು ಶುರು ಮಾಡಿದೆ. ಎರಡೂ ಗುಡ್ಡೆ ನೋಡುತ್ತೇನೆ, ಕಲ್ಲಿನ ಕೆತ್ತನೆ ಹೋಲಿಸುತ್ತೇನೆ, ಕೊನೆಗೆ ನನ್ನ ಅಭಿಪ್ರಾಯವನ್ನು, ಅದರ ಸಂಶಯಗಳ ಜೊತೆಗೇ...

ವಾಸಣ್ಣ ಕೈ ಎತ್ತಿ ತಡೆದರು. "ಮಾತಾಡುವ ಕ್ರಮ ಇಲ್ಲ ಮಾಸ್ಟ್ರೇ. ಮಾತು ಯಾರಾದ್ರೂ ಕಲಿಸಿ ಕೊಡ್ತಾರೆ. ನೀವು ಮುಂದೆ ನಡೀರಿ, ನಾವು ಹಿಂದೆ. ಎಲ್ಲಿ ನಿಮ್ಮ ಕಾಲು ನಿಲ್ತದೋ ಅಲ್ಲಿ ಈ ಕೋಲು."

"ಕಾಲು ನಿಲ್ಲುವುದು ಅಂದರೆ?"

"ನಿಲ್ಲುವುದು ಅಂದ್ರೆ ನಿಲ್ಲುವುದು," ಎಂದರು ಸಂಜೀವಣ್ಣ. "ನಮ್ಮ ಹಿರಿಯರ ಕಾಲದಿಂದ ಹಾಗೆಯೇ. ತಲೆ ಮರೀತದೆ, ಕಾಲು ಮರಿಯುವುದಿಲ್ಲ."

"ಸುಮ್ಮನೆ ದಣಿವಾಗಿ ನಿಂತರೆ?"

ಇಬ್ಬರೂ ಗುರಿಕಾರರು ಮುಖ ಮುಖ ನೋಡಿಕೊಂಡರು. ಆ ಒಂದು ವಿಷಯದಲ್ಲಿ ಅವರಿಗೆ ಭಿನ್ನಾಭಿಪ್ರಾಯ ಇರಲಿಲ್ಲ. "ದಣಿವಾಗುವುದೂ ಸುಮ್ಮನೆ ಅಲ್ಲ," ಎಂದರು ವಾಸಣ್ಣ.

ಗೊತ್ತಿಲ್ಲ ಎಂದು ಹೇಳುವ ಅವಕಾಶ ಅಲ್ಲಿಗೆ ಹೋಯಿತು. ಕಾಲಿನಿಂದ ಅದನ್ನು ಹೇಗೆ ಹೇಳುವುದು? ನಾನು ನಡೆಯತೊಡಗಿದೆ.

ಪಡುವಣ ಗಾಳಿ ಮುಖಕ್ಕೆ ಉಪ್ಪು ಎರಚುತ್ತಿತ್ತು. ಮಳೆಗಾಲದ ಅಲೆಗಳು ಕರೆಯನ್ನು ಕಡಿದು ಇಳಿಜಾರು ಮಾಡಿದ್ದರಿಂದ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಹಿಂದಿನಿಂದ ಇಡೀ ಗುಂಪಿನ ಹೆಜ್ಜೆ ಮರಳಿನಲ್ಲಿ ಸರಸರ ಎನ್ನುತ್ತಿತ್ತು, ಮಾತಿಲ್ಲ, ಕೆಮ್ಮಿಲ್ಲ. ನಾನು ನಿಧಾನಿಸಿದರೆ ಅವರೂ ನಿಧಾನಿಸುತ್ತಿದ್ದರು. ಬಾಯಾರಿಕೆಯಾದರೂ ಬಾಟಲಿ ತೆಗೆಯಲು ಹೆದರಿಕೆ. ನಡೆಯುತ್ತಲೇ ಕುಡಿಯಲು ಹೋಗಿ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು.

ತಾಳೆಮರ ದೂರದಿಂದಲೇ ಕಂಡಿತು. ಅದರ ಬುಡದಲ್ಲಿ ಮೊದಲನೆಯ ಗುಡ್ಡೆ, ಮುಳ್ಳಿನ ಬಳ್ಳಿ ಮುಚ್ಚಿದ ಕೆಂಪು ಕಲ್ಲುಗಳು. ನಾನು ಅಲ್ಲಿ ಮಲಗಿದ್ದೆನೇ? ಮುಖದ ಮೇಲಿನ ಟೊಪ್ಪಿಯ ವಾಸನೆ ಸಹ ಬಂದ ಹಾಗಾಯಿತು. ಆದರೆ ಆ ಟೊಪ್ಪಿಯನ್ನು ನನ್ನ ಮುಖದ ಮೇಲೆ ಇಟ್ಟವರು ಸಂಜೀವಣ್ಣ, ನನ್ನದೇ ಮನೆಯ ಜಗಲಿಯಲ್ಲಿ ಕುಳಿತು. ಅವರು ಹೇಳುವ ಮೊದಲು ನನಗೆ ತಾಳೆಮರದ ನೆನಪೇ ಇರಲಿಲ್ಲ. ಸರಿಯಾಗಿ ಆಗಲೇ ನನ್ನ ಎಡಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತು ಬಂತು. ಕಾಲು ತೊಡರಿತು. ಹಿಂದಿನ ಸದ್ದು ಒಮ್ಮೆಲೇ ನಿಂತಿತು. ನಾನು ಗಾಬರಿಯಿಂದ ಚಪ್ಪಲಿಯನ್ನು ಅಲ್ಲೇ ಒದ್ದು, ಬರಿಗಾಲಲ್ಲಿ ಕುಂಟುತ್ತ ಮುಂದೆ ಹೋದೆ. ಹಿಂದೆ ಯಾರೋ ದೀರ್ಘವಾಗಿ ಉಸಿರು ಬಿಟ್ಟರು. ತಿರುಗಿ ನೋಡಿದಾಗ ಸಂಜೀವಣ್ಣನ ಮುಖದ ನಗು ಮಾಯವಾಗಿತ್ತು. ಬಡಗಿನ ಯುವಕನೊಬ್ಬ ನನ್ನ ಚಪ್ಪಲಿಯನ್ನು ಪ್ರಸಾದದ ಹಾಗೆ ಎತ್ತಿಕೊಂಡು ಬರುತ್ತಿದ್ದ.

ಅಲ್ಲಿಂದ ಮುಂದೆ ಜಗಳದ ಮರಳು. ನಿಜಕ್ಕೂ ಚಂದದ ಕರೆ. ಒಂದು ಕಲ್ಲಿಲ್ಲ, ಅಲೆ ಸಹ ತಗ್ಗಿ ಬರುತ್ತಿತ್ತು. ಅಷ್ಟು ಹೊತ್ತಿಗೆ ಮೀನಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಒಬ್ಬ ಹೆಂಗಸು ನನ್ನ ಪಕ್ಕಕ್ಕೆ ಬಂದಳು. ಐವತ್ತರ ಆಸುಪಾಸಿನವಳು, ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ ಬೀಸುಗಾಲು ಹಾಕುತ್ತಿದ್ದಳು.

"ಕಮಲಾ, ಮಾತಾಡುವ ಕ್ರಮ ಇಲ್ಲ!" ಎಂದು ಸಂಜೀವಣ್ಣ ಹಿಂದಿನಿಂದ ಗದರಿದರು.

"ಕ್ರಮ ಗಂಡಸರಿಗೆ ಅಣ್ಣ. ನನಗೆ ಉಚ್ಚಿಲಕ್ಕೆ ಮೀನು ಮಾರ್ಲಿಕ್ಕೆ ಹೋಗ್ಲಿಕ್ಕುಂಟು. ದಾರಿ ಇದೇ ಅಲ್ವಾ?" ಎಂದು ತಿರುಗದೆಯೇ ಕೂಗಿ, ನನ್ನ ಕಡೆಗೆ ಸಣ್ಣ ದನಿಯಲ್ಲಿ ಹೇಳಿದಳು: "ಅವರು ನನ್ನ ಅಣ್ಣ. ಕೋಲು ಹಿಡಿದವರು ನನ್ನ ಬೀಗರು. ನನ್ನ ಮಗಳನ್ನು ಅವರ ಮಗನಿಗೆ ಕೊಟ್ಟದ್ದು. ಹೋದ ವರ್ಷದ ಜಗಳದ ಮೇಲೆ ಹುಡುಗಿಯನ್ನು ನಮ್ಮ ಕೇರಿಗೆ ಕಾಲಿಡ್ಲಿಕ್ಕೆ ಬಿಟ್ಟಿಲ್ಲ. ಈಗ ಅವಳಿಗೆ ಎಂಟು ತಿಂಗಳು. ಚೊಚ್ಚಲು ಹೆರಿಗೆ ತಾಯಿ ಮನೆಯಲ್ಲಿ ಆಗ್ಬೇಕಲ್ವಾ ಮಾಸ್ಟ್ರೇ?"

"ಅರ್ಧ ಅರ್ಧ ಮಾಡಿಕೊಳ್ಳಬಹುದಲ್ಲ?" ಎಂದೆ.

"ಮೊದಲು ಯಾರು ಹೇಳುವುದು? ಹೇಳಿದವನು ಸೋತ ಹಾಗೆ. ಇಬ್ರೂ ಬಾಯಿಗೆ ಬೀಗ ಹಾಕಿ ಕೂತಿದ್ದಾರೆ. ನೀವು ನಿಲ್ಲಿ. ಎಲ್ಲಿ ನೆನಪುಂಟೋ ಅಲ್ಲಿ ನಿಲ್ಲಿ, ಮುಗೀಲಿ."

"ನೆನಪು ಸರಿಯಿಲ್ಲದಿದ್ದರೆ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟು ಓದಿದ್ದೀರಿ! ಒಂದು ಬುರುಜು ಎಲ್ಲಿತ್ತು ಅಂತ ನೆನಪಿಲ್ವಾ?"

ಎರಡನೆಯ ಗುಡ್ಡೆ ಹತ್ತಿರವಾಯಿತು. ಕಡಲಿಗೆ ಮುಖ ಮಾಡಿದ ಒಂದು ಮೆಟ್ಟಿಲು, ನಡುವೆ ಸವೆದು ತಗ್ಗಾದದ್ದು. ಅದನ್ನು ಕಂಡದ್ದೇ ನನ್ನ ಕಾಲು ನಿಜಕ್ಕೂ ಸೋತಿತು. ಅಲ್ಲಿ ಕೂತದ್ದು, ಕಲ್ಲಿನ ತಂಪು, ಊಟದ ಪೊಟ್ಟಣ ಗಾಳಿಗೆ ಹಾರದಂತೆ ಮೊಣಕಾಲಲ್ಲಿ ಒತ್ತಿಕೊಂಡದ್ದು, ಎಲ್ಲವೂ ಒಮ್ಮೆಗೇ ಬಂತು. ಇದೇ ಎಂದುಕೊಂಡೆ. ವಾಸಣ್ಣನ ಉಸಿರು ನನ್ನ ಕತ್ತಿಗೆ ತಾಗುವಷ್ಟು ಹತ್ತಿರವಿತ್ತು. ಆಗಲೇ ಅವರ ದನಿ ನನ್ನ ತಲೆಯೊಳಗೆ ಕೇಳಿಸಿತು: ಮೆಟ್ಟಿಲಲ್ಲಿ ಕೂತು ಊಟ ಮಾಡಿದ್ದೀರಿ. ಪೊಟ್ಟಣವನ್ನು ಮೊಣಕಾಲಲ್ಲಿ ಒತ್ತಿದ್ದು ನನ್ನದೋ, ಅಥವಾ ಅವರು ಕೊಟ್ಟ ಮೆಟ್ಟಿಲಿನ ಮೇಲೆ ಕಳೆದ ಎರಡು ವಾರ ನಾನೇ ಕಟ್ಟಿದ್ದೋ? ಕೆಡವಿ ತಂದು ಪೇರಿಸಿದ ರಾಶಿಯಲ್ಲಿಯೂ ಒಂದು ಮೆಟ್ಟಿಲುಗಲ್ಲು ಹೀಗೆ ಕೂರಬಹುದಲ್ಲ? ನನ್ನ ಒಂದು ಹೆಜ್ಜೆ ತಪ್ಪಿದರೆ ಒಂದು ಕೇರಿಯ ಒಲೆ ಅರ್ಧ ಆರುತ್ತದೆ. ನಾನು ಕಣ್ಣು ತಗ್ಗಿಸಿ ಮೆಟ್ಟಿಲನ್ನು ದಾಟಿಬಿಟ್ಟೆ.

ಹಿಂದೆ ಗದ್ದಲ ಎದ್ದಿತು. ಮಾತಾಡದ ಕ್ರಮ ಮುರಿಯಿತು.

"ಎಂತ ಮಾರಾಯ್ರೇ ಇದು! ಎರಡೂ ಅಲ್ವಾ?" ಇದು ವಾಸಣ್ಣ.

"ಎರಡೂ ಅಲ್ಲದಿದ್ರೆ ಗಡಿಯೇ ಇಲ್ಲ," ಎಂದ ಸಂಜೀವಣ್ಣನ ದನಿಯಲ್ಲಿ ಹಿಂದೆ ಕೇಳದ ಗಡಸು ಇತ್ತು. "ನಾಳೆ ಬೆಳಗ್ಗೆ ಯಾರು ಮೊದಲು ದೋಣಿ ಇಳಿಸ್ತಾರೋ ಅವರದ್ದು. ಕೇಳಿತಲ್ಲ ಎಲ್ಲರಿಗೂ?"

"ಇಳಿಸಿ ನೋಡಿ," ಎಂದ ಬಡಗಿನ ಆ ಯುವಕ. ನನ್ನ ಚಪ್ಪಲಿ ಇನ್ನೂ ಅವನ ಕೈಯಲ್ಲಿತ್ತು. ಈಗ ಅದನ್ನು ಹಿಡಿದ ರೀತಿ ಬೇರೆಯಾಗಿತ್ತು.

ನಿಲ್ಲದೇ ಇದ್ದರೆ ಯಾರಿಗೂ ಅನ್ಯಾಯವಾಗದು ಎಂದುಕೊಂಡಿದ್ದೆ. ಎಂಥ ಮೂರ್ಖತನ! ಬೆನ್ನ ಹಿಂದೆ ಬೈಗುಳ ಶುರುವಾಗಿತ್ತು. ನಾನು ನಡೆಯುತ್ತಲೇ ಅರ್ಧ ಸುತ್ತು ಹಾಕಿ ವಾಪಸ್ ಬಡಗಕ್ಕೆ ತಿರುಗಿದೆ. ಗುಂಪು ಗಲಿಬಿಲಿಯಾಗಿ ಇಬ್ಭಾಗವಾಗಿ ನನಗೆ ದಾರಿ ಬಿಟ್ಟು, ಮತ್ತೆ ಹಿಂದಿನಿಂದ ಬಂತು. ಮೆಟ್ಟಿಲನ್ನು ಇನ್ನೊಮ್ಮೆ ದಾಟಿದೆ. ಕಾಲು ಎಳೆಯಿತು, ನಿಲ್ಲಲಿಲ್ಲ. ತಾಳೆಮರದ ಹತ್ತಿರ ಹೋಗಿ ಅಲ್ಲೂ ನಿಲ್ಲಲಾಗದೆ ಮತ್ತೆ ತೆಂಕಕ್ಕೆ ತಿರುಗಿದೆ. ಸೂರ್ಯ ನೆತ್ತಿಗೆ ಬಂದಿದ್ದ. ಬರಿಗಾಲಿಗೆ ಚಿಪ್ಪು ಚುಚ್ಚಿ ರಕ್ತ ಬರುತ್ತಿತ್ತು. ಯಾವ ಕಡೆಗೆ ಹೋಗುತ್ತಿದ್ದೇನೆಂದು ನನಗೂ ಗೊತ್ತಿರಲಿಲ್ಲ.

"ಮಾಸ್ಟ್ರಿಗೆ ಕಡಲ ಗಾಳಿ ಹಿಡೀತು," ಎಂದು ಯಾರೋ ಹೇಳಿದರು. ಯಾರೂ ನಗಲಿಲ್ಲ.

ಆಗ ಕಮಲಕ್ಕ ಓಡಿ ಬಂದು ನನ್ನ ಮುಂದೆ ಹಾದಳು. "ಉಂತುಲೆ ಮಾಸ್ಟ್ರೇ, ಉಂತುಲೆ!" ಎಂದು ತುಳುವಿನಲ್ಲಿ, ನಿಲ್ಲಿ ನಿಲ್ಲಿ ಎಂದು ಕೂಗುತ್ತ ತಲೆಯ ಮೇಲಿನ ಬುಟ್ಟಿಯನ್ನು ದೊಪ್ಪನೆ ನನ್ನ ಕಾಲ ಬುಡಕ್ಕೇ ಇಳಿಸಿದಳು. ಮೊಣಕಾಲು ಬುಟ್ಟಿಗೆ ಬಡಿದು ನಾನು ಮುಗ್ಗರಿಸಿದೆ. ಬೂತಾಯಿ ಮೀನು ಮರಳಿನ ಮೇಲೆ ಚೆಲ್ಲಿದವು. ಬೀಳದಿರಲು ಅವಳ ಹೆಗಲನ್ನು ಹಿಡಿದುಕೊಂಡೆ. ಆಗ ಗೊತ್ತಾಯಿತು: ನಾನು ನಿಂತಿದ್ದೆ.

"ನಿಂತ್ರು!" ಎಂದು ಕಮಲಕ್ಕ ಎರಡು ಕೇರಿಗೂ ಕೇಳುವ ಹಾಗೆ ಕೂಗಿದಳು. "ಮಾಸ್ಟ್ರ ಕಾಲು ನಿಂತಿತು!"

ಸುತ್ತ ನೋಡಿದೆ. ಬಡಗಕ್ಕೆ ತಾಳೆಮರ, ತೆಂಕಕ್ಕೆ ಮೆಟ್ಟಿಲು, ಎರಡೂ ಸುಮಾರು ಅಷ್ಟಷ್ಟೇ ದೂರ. ಕಾಲಡಿಯಲ್ಲಿ ಬರೀ ಮರಳು.

"ಇಲ್ಲಿ ಅಲ್ಲ!" ಎಂದೆ. "ಇವರು ಬುಟ್ಟಿ ಅಡ್ಡ ಹಾಕಿದ್ದಕ್ಕೆ ನಿಂತದ್ದು. ಇಲ್ಲಿ ಬುರುಜು ಇರಲೇ ಇಲ್ಲ. ಅಷ್ಟು ಮಾತ್ರ ನಾನು ಖಂಡಿತ ಹೇಳಬಲ್ಲೆ. ಬೇಕಾದರೆ ಅಗೆದು ನೋಡಿ, ಒಂದು ಕಲ್ಲು ಸಿಗುವುದಿಲ್ಲ."

ವಾಸಣ್ಣ ನನ್ನ ಕಾಲನ್ನು ನೋಡಿದರು, ಬುಟ್ಟಿಯನ್ನು ನೋಡಿದರು, ಆಮೇಲೆ ಬಹಳ ಹೊತ್ತು ತಮ್ಮ ಬೀಗಿತ್ತಿಯ ಮುಖ ನೋಡಿದರು. ಅವಳು ಕಣ್ಣು ತಪ್ಪಿಸಲಿಲ್ಲ. ಸಂಜೀವಣ್ಣ ಬಗ್ಗಿ ಬೂತಾಯಿಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕತೊಡಗಿದರು. ತಲೆ ಎತ್ತಲಿಲ್ಲ.

"ಮಾತಾಡುವ ಕ್ರಮ ಇಲ್ಲ ಮಾಸ್ಟ್ರೇ," ಎಂದರು ವಾಸಣ್ಣ ಕೊನೆಗೆ, ಮೆಲ್ಲನೆ. "ಸ್ವಲ್ಪ ಆಚೆ ಸರೀರಿ."

ಸರಿದೆ. ಅವರು ಕೋಲನ್ನು ನನ್ನ ಹೆಜ್ಜೆಯ ಗುರುತಿನ ಮೇಲೆ ಊರಿದರು. ಮರಳು ಸಡಿಲ, ಕೋಲು ವಾಲಿತು. ಸಂಜೀವಣ್ಣ ಎದ್ದು ಬಂದು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡು, "ಕಲ್ಲು ತನ್ನಿ," ಎಂದರು. ತೆಂಕಿನವರು ಮೆಟ್ಟಿಲಿನ ಗುಡ್ಡೆಗೆ ಓಡಿದರು. ಬಡಗಿನವರು ತಾಳೆಮರದ ಗುಡ್ಡೆಗೆ. ಆ ಯುವಕ ನನ್ನ ಚಪ್ಪಲಿಯನ್ನು ನನ್ನ ಮುಂದೆ ಇಟ್ಟು ಅವರ ಹಿಂದೆ ಹೋದ.

ಕಮಲಕ್ಕ ಬುಟ್ಟಿ ಎತ್ತಿಕೊಳ್ಳಲು ನನ್ನ ಸಹಾಯ ಕೇಳಿದಳು. ನಾವಿಬ್ಬರೂ ಉಚ್ಚಿಲದ ಕಡೆ ಹೊರಟಾಗ ಹಿಂದಿನಿಂದ ವಾಸಣ್ಣನ ದನಿ: "ಬೀಗಿತ್ತಿ, ನಾಡಿದ್ದು ಒಳ್ಳೆ ದಿನ ಉಂಟು. ಹುಡುಗಿಯನ್ನು ಕರ್ಕೊಂಡು ಹೋಗ್ಲಿಕ್ಕೆ ನೀವೇ ಬರ್ತೀರೋ, ನಾವು ಕಳಿಸ್ಬೇಕೋ?"

"ನಾವೇ ಬರ್ತೇವೆ," ಎಂದಳು ಕಮಲಕ್ಕ. ಸ್ವಲ್ಪ ದೂರ ಹೋದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಕಮಲಕ್ಕ, ಅದು ಸುಳ್ಳು ಗಡಿ," ಎಂದೆ.

"ಹೌದಾ? ನಿಜದ್ದು ಯಾವುದು ಹಾಗಾದ್ರೆ?"

ಮೂರನೆಯ ಬುರುಜಿನವರೆಗೂ ಅವಳು ಉಚ್ಚಿಲದಲ್ಲಿ ಬೂತಾಯಿಯ ರೇಟು ಹೇಗೆ ಇಳಿದಿದೆ ಎಂಬುದನ್ನೇ ಹೇಳಿದಳು. ಆಮೇಲೆ ಪೇಟೆಯ ಕಡೆ ತಿರುಗಿದಳು. ಆ ಬುರುಜು ಗಟ್ಟಿಯಾಗಿ ನಿಂತಿದೆ, ಮೇಲೊಂದು ಆಲದ ಸಸಿ ಬೇರುಬಿಟ್ಟಿದೆ. ಬುರುಜಿನ ನೆರಳಿನಲ್ಲಿ ಕೂತು ಅವಲಕ್ಕಿ ತಿಂದೆ, ಉಳಿದ ನೀರಿನಿಂದ ಕಾಲು ತೊಳೆದುಕೊಂಡೆ. ಕರೆಯುದ್ದಕ್ಕೂ ದೃಷ್ಟಿ ಹಾಯಿಸಿದರೆ ದೂರದಲ್ಲಿ ಕೆಂಪು ಬಟ್ಟೆ ಹಾರುತ್ತಿತ್ತು. ಕೋಲಿನ ಸುತ್ತ ಕಲ್ಲುಗಳು ಆಗಲೇ ಸೊಂಟದೆತ್ತರ ಬಂದಿದ್ದವು. ಜನ ಇನ್ನೂ ಹೊರುತ್ತಲೇ ಇದ್ದರು. ಇನ್ನು ಕೆಲವು ವರ್ಷ ಕಳೆದು, ಟೇಪು ಹಿಡಿದ ಇನ್ನೊಬ್ಬ ವಿದ್ಯಾರ್ಥಿ ಬಂದರೆ ನಡುವಿನ ಬುರುಜೆಂದು ಅದನ್ನೇ ಅಳೆಯುತ್ತಾನೆ. ಅವನಿಗೆ ನಾನು ಏನು ಹೇಳಲಿ?

ಉಚ್ಚಿಲದ ಹೆದ್ದಾರಿಯಲ್ಲಿ ನಾಲ್ಕು ಗಂಟೆಯ ಹೊತ್ತಿಗೆ ಉಡುಪಿ ಬಸ್ಸು ಸಿಕ್ಕಿತು. ಸೀಟಿಗೆ ಒರಗಿ, ಎಂ.ಎ. ದಿನಗಳ ಆ ಮಧ್ಯಾಹ್ನವನ್ನು ಮೊದಲಿನಿಂದ ನೆನಪಿಸಿಕೊಳ್ಳೋಣವೆಂದು ಕಣ್ಣು ಮುಚ್ಚಿದೆ. ಯಾರ ಮಾತೂ ಬೆರೆಯದಂತೆ, ನಿಧಾನವಾಗಿ. ಟೊಪ್ಪಿ ಬಂತು, ಟೇಪು ಬಂತು, ಕಡಲು ಬಂತು. ಬುರುಜೂ ಬಂತು. ಅದರ ಹತ್ತಿರ ತಾಳೆಮರ ಇರಲಿಲ್ಲ, ಮೆಟ್ಟಿಲೂ ಇರಲಿಲ್ಲ. ಕೋಲು ಊರಿದ ಜಾಗದ ಹಾಗೆಯೇ ಸುತ್ತ ಬರೀ ಮರಳು, ಎರಡೂ ಕಡೆ ಹಸನಾದ ಕರೆ. ನಾನು ಅದರ ನೆರಳಿನಲ್ಲಿ ಆರಾಮವಾಗಿ ಕುಳಿತಿದ್ದೆ. ಗಾಬರಿಯಿಂದ ಕಣ್ಣು ಬಿಟ್ಟೆ. ಬಸ್ಸು ಕಾಪು ದಾಟುತ್ತಿತ್ತು.